ಆರರ ಬ್ಯಾರನ್ನು, ನಾಲ್ಕರ ಒಲೆ

ದೊಡ್ಡವ್ವ ತೀರಿಕೊಂಡು ಎಷ್ಟೋ ಕಾಲವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಬದುಕಿದ್ದಾಗ ಎದುರಿಗೇ ಆಡಿದ್ದೇನೆ, ಹಾಗಾಗಿ ಬೆನ್ನ ಹಿಂದೆ ಆಡಿದ ಪಾಪ ನನಗೆ ತಟ್ಟುವುದಿಲ್ಲ. ಅವಳ ತಿಥಿಯ ದಿನ ಬಂದವರೆಲ್ಲ ಇಂಥ ಹೆಂಗಸು ಇನ್ನು ಹುಟ್ಟಲ್ಲ ಅಂತ ಹೊಗಳುತ್ತಿದ್ದರು. ಹುಟ್ಟದೆ ಇದ್ದರೆ ಒಳ್ಳೆಯದೇ ಅಂದುಕೊಂಡು ನಾನು ವಡೆ ಮುರಿದು ಬಾಯಿಗಿಟ್ಟುಕೊಂಡೆ. ಈಗ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳಿಗೆ ಪಾಳಿ ಹಾಕುವವಳು. ಒಬ್ಬಳಿಗೇ ಎಲ್ಲ ಭಾನುವಾರ ಬೀಳದ ಹಾಗೆ, ಒಬ್ಬಳಿಗೇ ಎಲ್ಲ ಹಬ್ಬ ತಪ್ಪದ ಹಾಗೆ ಕೂರಿಸಿ ಕೊಡುವುದನ್ನು ನೋಡಿ ಹೊಸದಾಗಿ ಸೇರಿದ ಹುಡುಗಿಯರು, ಸಿಸ್ಟರ್, ಈ ಲೆಕ್ಕ ನಿಮಗೆ ಯಾರು ಹೇಳಿಕೊಟ್ಟರು ಅನ್ನುತ್ತಾರೆ. ಮೇಷ್ಟ್ರು ಅಂತ ಹೇಳಿ ಸುಮ್ಮನಾಗುತ್ತೇನೆ. ಅದು ಅರ್ಧ ನಿಜ. ಮೇಷ್ಟ್ರು ಹೇಳಿಕೊಟ್ಟದ್ದು ಅಪವರ್ತನ, ಅಪವರ್ತ್ಯ ಅನ್ನುವ ಎರಡು ಹೆಸರು. ಲೆಕ್ಕ ಕಲಿಸಿದ್ದು ನನ್ನ ಹೊಟ್ಟೆಯ ಉರಿ.

ನಮ್ಮ ಮನೆ ಗಾವಡಗೆರೆ ದಾಟಿ ಒಳಗೆ ಹೋದರೆ ಸಿಗುವ ಊರಿನಲ್ಲಿತ್ತು. ಮೂವರು ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಮನೆ, ನಮ್ಮಪ್ಪ ಕೊನೆಯವನು. ಮುಂದೆ ಜಗಲಿ, ಒಳಗೆ ಕಾಲಿಟ್ಟರೆ ದನ ಕಟ್ಟುವ ಜಾಗ, ಅದನ್ನು ದಾಟಿದರೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಬೆಳಕು ಬರುವುದಕ್ಕಿಂತ ಹೊಗೆ ಹೋಗುವುದೇ ಹೆಚ್ಚು. ಹಿತ್ತಿಲಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ನು ಅಂದರೆ ಏನು ಅಂತ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಎರಡಾಳಿಗಿಂತ ಎತ್ತರದ ಒಂದು ಕೋಣೆ. ಒಳಗೆ ನೆಲದ ಮೇಲೆ ಬಿಸಿ ಹರಿಯುವ ತಗಡಿನ ಕೊಳವೆ, ಮೇಲೆ ಸಾಲುಸಾಲಾಗಿ ತೊಲೆ. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಆ ತೊಲೆಗಳಿಗೆ ನೇತುಹಾಕಿ, ಬಾಗಿಲು ಮುಚ್ಚಿ, ಹೊರಗಿನಿಂದ ಸೌದೆ ಉರಿಸುತ್ತಾ ಹದಕ್ಕೆ ತರುತ್ತಾರೆ. ನಮ್ಮ ಬ್ಯಾರನ್ನಿನಲ್ಲಿ ಸೊಪ್ಪು ಬೆಂದು, ಬಣ್ಣ ಬಂದು, ಇಳಿಸಿ, ಮತ್ತೆ ತುಂಬುವುದಕ್ಕೆ ಆರು ದಿನ ಹಿಡಿಯುತ್ತಿತ್ತು. ಕಾಲ ಶುರುವಾಯಿತೆಂದರೆ ಮುಗಿಯುವ ತನಕ ಪ್ರತಿ ಆರನೆಯ ದಿನ ಬ್ಯಾರನ್ನು ತುಂಬುವ ದಿನ.

ಮಿಕ್ಕ ದಿನಗಳಲ್ಲಿ ಮನೆಯವರಿಗಷ್ಟೇ ಅಡುಗೆ. ತುಂಬುವ ದಿನ ಹಾಗಲ್ಲ. ಸೊಪ್ಪು ಮುರಿಯುವವರು, ಕಟ್ಟುವವರು, ಬ್ಯಾರನ್ನಿನೊಳಗೆ ತೊಲೆ ಹತ್ತಿ ನಿಂತು ಕಡ್ಡಿ ಇಸಕೊಳ್ಳುವವರು, ಊರವರೂ ಕಾಡಂಚಿನ ಹಾಡಿಯಿಂದ ಬಂದವರೂ ಸೇರಿ ಜನವೋ ಜನ. ಬೆಳಿಗ್ಗೆ ರೊಟ್ಟಿ, ನಡುವೆ ಎರಡು ಸಲ ಬೆಲ್ಲದ ಕಾಫಿ, ಮಧ್ಯಾಹ್ನ ಹಿಟ್ಟು ಸಾರು, ಹಿಟ್ಟು ಅಂದರೆ ನಮ್ಮ ಕಡೆ ರಾಗಿಮುದ್ದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಹಿಟ್ಟು ಸಾರು. ದೊಡ್ಡ ತಪ್ಪಲೆಯಲ್ಲಿ ಹಿಟ್ಟು ತಿರುವುವಾಗ ಒಬ್ಬಳು ಕವೆಗೋಲಿನಿಂದ ತಪ್ಪಲೆಯನ್ನು ನೆಲಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬಳು ಎದ್ದು ನಿಂತು ಕೋಲು ಆಡಿಸಬೇಕು. ಅವ್ವನಿಗೆ ಹಿಡಿಯುವವರು ಇರುತ್ತಿರಲಿಲ್ಲ. ಅವಳು ತಪ್ಪಲೆಯನ್ನು ಗೋಡೆಯ ಮೂಲೆಗೆ ಒತ್ತರಿಸಿ, ಎರಡು ಪಾದಗಳ ನಡುವೆ ಗೋಣಿಚೀಲ ಸುತ್ತಿ ಅಮುಕಿ ಹಿಡಿದು ತಿರುವುತ್ತಿದ್ದಳು. ಅವಳ ಪಾದಗಳ ಒಳಬದಿ ಸುಟ್ಟು ಸುಟ್ಟು ಕಪ್ಪಾಗಿ ದಡ್ಡುಗಟ್ಟಿತ್ತು.

ಒಲೆಗೆ ಸರದಿ ಇತ್ತು. ಮೂವರು ಸೊಸೆಯರು, ಒಬ್ಬೊಬ್ಬರಿಗೆ ಒಂದೊಂದು ದಿನ. ದೊಡ್ಡವ್ವ, ಆಮೇಲೆ ನಾವು ಮಕ್ಕಳೆಲ್ಲ ನಡುವ್ವ ಅಂತ ಕರೆಯುತ್ತಿದ್ದ ಎರಡನೆಯ ದೊಡ್ಡಮ್ಮ, ಆಮೇಲೆ ನಮ್ಮವ್ವ. ವರ್ಷದ ಮೊದಲನೆಯ ಬ್ಯಾರನ್ನಿಗೆ ಕಿರಿಸೊಸೆಯ ಕೈಯ ಅಡುಗೆ ಉಂಡರೆ ಸೊಪ್ಪಿಗೆ ಬಣ್ಣ ಬರುತ್ತದೆ ಅಂತ ನಮ್ಮ ಮನೆಯ ನಂಬಿಕೆ. ಹಾಗಾಗಿ ಮೊದಲ ದಿನ ಅವ್ವ ಮಾಡಬೇಕು, ಅದು ಲೆಕ್ಕದ ಹೊರಗೆ. ಮಾರನೆಯ ದಿನದಿಂದ ಹಿರಿತನದ ಪ್ರಕಾರ ಸರದಿ. ಒಂದನೆಯ ದಿನ ದೊಡ್ಡವ್ವ, ಎರಡು ನಡುವ್ವ, ಮೂರು ಅವ್ವ. ನಾಲ್ಕು ದೊಡ್ಡವ್ವ, ಐದು ನಡುವ್ವ, ಆರು ಅವ್ವ. ಆರನೆಯ ದಿನ ಬ್ಯಾರನ್ನು. ಓದುವವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಥವಾ ಹಾಗಂತ ನಾನು ಅಂದುಕೊಂಡಿದ್ದೆ. ಹನ್ನೆರಡಕ್ಕೆ ಅವ್ವ, ಹದಿನೆಂಟಕ್ಕೆ ಅವ್ವ, ಕಾಲ ಮುಗಿಯುವ ತನಕ ಅವ್ವ. ನಾನೊಮ್ಮೆ ದೊಡ್ಡವ್ವನನ್ನೇ ಕೇಳಿದ್ದೆ, ತುಂಬೋ ದಿನ ಯಾವಾಗಲೂ ಅವ್ವನಿಗೇ ಯಾಕೆ ಬರುತ್ತದೆ ಅಂತ. ಅವಳು ಎಲೆಅಡಿಕೆ ಮಡಿಸುತ್ತಾ ನಕ್ಕಳು.

"ಅದು ಅವ್ಳ ಅಣೇಲಿ ಬರ್ದದೆ ಕಣಮ್ಮಿ. ಅಣೆಬರಾನ ಅಳಿಸಕ್ಕಾಯ್ತದ?"

ಸರದಿ ಬದಲಾಯಿಸಿಕೊಳ್ಳಬಾರದಾ ಅಂತ ಯಾರಾದರೂ ಕೇಳಬಹುದು. ಬಾರದು. ಅವ್ವ ಈ ಮನೆಗೆ ಬರುವುದಕ್ಕೆ ಮುಂಚೆ ಒಂದು ವರ್ಷ ದೊಡ್ಡವ್ವ, ನಡುವ್ವ ಒಂದು ದಿನ ಸರದಿ ಬದಲಿಸಿಕೊಂಡರಂತೆ, ಅದೇ ದಿನ ಬ್ಯಾರನ್ನಿಗೆ ಬೆಂಕಿ ಬಿದ್ದು ಸೊಪ್ಪೆಲ್ಲ ಬೂದಿಯಾಯಿತಂತೆ. ಒಣಗಿದ ಸೊಪ್ಪು ಕಾದ ಕೊಳವೆಯ ಮೇಲೆ ಉದುರಿದರೆ ಬೆಂಕಿ ಹತ್ತದೆ ಇನ್ನೇನು? ಆದರೆ ಅಪ್ಪನ ಅವ್ವ, ನಮ್ಮ ಅಜ್ಜಿಯ ಮನಸ್ಸಿನಲ್ಲಿ ಅದು ಕೂತುಬಿಟ್ಟಿತು. ಬ್ಯಾರನ್ನು ಉರಿಯುವ ಕಾಲದಲ್ಲಿ ಮನೆಯ ಒಲೆಯ ಕೈ ಬದಲಾದರೆ ಬೆಂಕಿ ಮುನಿಯುತ್ತದೆ ಅಂದಳು. ಮುಟ್ಟಾದವಳು ಹೊರಗೆ ಕೂತರೆ ಅವಳ ಹೆಸರಿನಲ್ಲಿ ಅಜ್ಜಿಯೇ ಒಲೆ ಹಚ್ಚುತ್ತಿದ್ದಳು. ಅದೊಂದು ಬಿಟ್ಟು ಬೇರೆ ಯಾವ ಕಾರಣಕ್ಕೂ ಬದಲಿಲ್ಲ.

ಆ ವರ್ಷ ನಾನು ಐದನೆಯ ಕ್ಲಾಸು. ಬ್ಯಾರನ್ನು ತುಂಬುವ ದಿನ, ಬೆಳಗಿನ ಹೊತ್ತು, ಅವ್ವ ಒರಳಿನಲ್ಲಿ ಖಾರ ರುಬ್ಬುತ್ತಿದ್ದಳು. ಭೇರ್ಯದಿಂದ ಅವಳ ತಮ್ಮ, ನಮ್ಮ ಸೋದರಮಾವ ಬಂದ. ಕೆ.ಆರ್. ನಗರಕ್ಕೆ ಬಂದು, ಹುಣಸೂರಿಗೆ ಬಂದು, ಅಲ್ಲಿಂದ ಯಾರದೋ ಸೈಕಲ್ಲು ಇಸಕೊಂಡು ತುಳಿದಿದ್ದ. ಜಗಲಿಯ ಮೇಲೆ ಕೂರಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಅಪ್ಪಯ್ಯಂಗೆ ಉಸ್ರು ಮ್ಯಾಲ್ಕೆ ಬತ್ತಾ ಅದೆ ಕಣಕ್ಕ. ನಿನ್ನೇ ಕೇಳ್ತಾವ್ನೆ. ಈಗ್ಲೇ ಒಂಟ್ರೆ ಮಾತಿಗೆ ಸಿಕ್ತಾನೆ."

ಅವ್ವ ಕೈ ತೊಳೆದುಕೊಂಡು ಎದ್ದು ನಿಂತಳು. ಅಪ್ಪ ಅಜ್ಜಿಯ ಮುಂದೆ ಹೋಗಿ, ಒಂದು ದಿನದ ಮಟ್ಟಿಗೆ ನಡುವ್ವ ಮಾಡಲಿ ಅಂದ. ನಡುವ್ವ ಆಗಲೇ ಸೆರಗು ಸಿಕ್ಕಿಸಿಕೊಂಡು, ನಾನು ಮಾಡ್ತೀನಿ ಬುಡಿ ಅತ್ಯಮ್ಮ ಅಂದಳು. ಅಜ್ಜಿ ದೊಡ್ಡವ್ವನ ಮುಖ ನೋಡಿದಳು. ಮನೆಯಲ್ಲಿ ಅಜ್ಜಿಯ ಮಾತು ನಡೆಯುತ್ತಿತ್ತು, ಅಜ್ಜಿಯ ಬಾಯಿಗೆ ಮಾತು ಹಾಕಿಕೊಡುತ್ತಿದ್ದವಳು ದೊಡ್ಡವ್ವ.

"ಓಗ್ಲಿ ಅಂತ ನಂಗೂ ಅನ್ನಿಸ್ತದೆ ಅತ್ಯಮ್ಮ. ಆದ್ರೆ ಒಲೆ ಕೈ ಬದ್ಲಾದ್ರೆ ಏನಾಯ್ತದೆ ಅಂತ ಕಣ್ಣಾರೆ ಕಂಡೋಳು ನಾನು. ನಾಳಿಕ್ ಓಗ್ಲಿ. ಅವ್ರಪ್ಪಂದು ಗಟ್ಟಿ ಜೀವ, ನಾಳೆಗಂಟ ಏನಾಗಕಿಲ್ಲ."

ಅಪ್ಪ ಕೊನೆಗೆ ಗೌರತ್ತೆಯ ಕಡೆ ತಿರುಗಿದ. ಗೌರತ್ತೆ ಅಪ್ಪನ ಅಕ್ಕ. ಎಚ್.ಡಿ. ಕೋಟೆಯ ಆಚೆ ಎನ್. ಬೇಗೂರಿಗೆ ಕೊಟ್ಟಿದ್ದರು, ಗಂಡನ ಜೊತೆ ಬಾಳಲಾರೆ ಅಂತ ಬಂದು ನಮ್ಮ ಮನೆಯಲ್ಲೇ ಇದ್ದಳು. ಬಂದದ್ದು ತಪ್ಪಲ್ಲ. ಆದರೆ ಬಂದ ದಿನದಿಂದ ದೊಡ್ಡವ್ವನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು ಊರ ಉಸಾಬರಿ ಆಡುವುದು ಬಿಟ್ಟು ಒಂದು ಕಡ್ಡಿ ಈ ಕಡೆಯಿಂದ ಆ ಕಡೆ ಇಟ್ಟವಳಲ್ಲ. ಅವಳು ಸೊಸೆಯಲ್ಲ, ಅವಳಿಗೆ ಸರದಿಯಿಲ್ಲ. ಮುಟ್ಟಿನ ದಿನ ಅಜ್ಜಿ ಮಾಡುವ ಹಾಗೆ ಮನೆಯ ಮಗಳು ಅವ್ವನ ಹೆಸರಿನಲ್ಲಿ ಒಂದು ದಿನ ಮಾಡಿಕೊಟ್ಟರೆ ಯಾವ ಬೆಂಕಿಯೂ ಮುನಿಯುತ್ತಿರಲಿಲ್ಲ. ಗೌರತ್ತೆ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಕೂಡ ಕೆಳಗಿಡಲಿಲ್ಲ.

"ಮನೆ ಮಗ್ಳು ಇಟ್ಟಿನ ಕೋಲ್ ಇಡ್ದು ನಿಂತ್ಕಂಡ್ರೆ ಸೊಸೇರು ಯಾತಕ್ಕವ್ರೆ?"

ಅವ್ವ ಒರಳಿನ ಮುಂದೆ ಹೋಗಿ ಕೂತಳು. ಮಾವ ಸೈಕಲ್ಲು ತಿರುಗಿಸಿಕೊಂಡು ಹೋದ. ಆ ದಿನ ಹಿಟ್ಟಿನಲ್ಲಿ ಒಂದು ಗಂಟಿರಲಿಲ್ಲ ಅಂತ ಆಳುಗಳು ಹೊಗಳಿಕೊಂಡು ಉಂಡರು. ಮಾರನೆಯ ಬೆಳಿಗ್ಗೆ ಅವ್ವ ನನ್ನನ್ನೂ ಕರೆದುಕೊಂಡು ಹೊರಟಳು. ಭೇರ್ಯದಲ್ಲಿ ಇಳಿದಾಗ ಮಾವನ ಮನೆಯ ಮುಂದೆ ಸೌದೆ ಹೊತ್ತಿಸಿ ಜನ ಕೂತಿದ್ದರು. ತಾತ ಹಿಂದಿನ ಸಂಜೆಯೇ ಹೋಗಿದ್ದ. ದೀಪ ಹಚ್ಚುವ ತನಕ ಬಾಗಿಲ ಕಡೆಯೇ ನೋಡುತ್ತಿದ್ದನಂತೆ, ಸೊಳ್ಳೆ ಬರುತ್ತವೆ ಅಂತ ಬಾಗಿಲು ಮುಂದಕ್ಕೆ ಹಾಕಲು ಹೋದರೆ ಅವ್ವನ ಹೆಸರು ಹಿಡಿದು, ನಿಂಗಿ ಬತ್ತಾಳೆ, ತೆಗೀರಿ ಅಂದನಂತೆ. ಮಾವನ ಹೆಂಡತಿ ಇದನ್ನು ಹೇಳುವಾಗ ಅವ್ವ ಅಳಲಿಲ್ಲ, ಕೇಳಿಸಿಕೊಂಡಳು. ಮಣ್ಣು ಹಾಕಿ ಬಂದ ಮೇಲೆ ಮೂರನೆಯ ದಿನದ ಹಾಲುತುಪ್ಪಕ್ಕೂ ಅವಳು ನಿಲ್ಲಲಿಲ್ಲ. ಆ ದಿನ ಅವಳ ಸರದಿ ಇತ್ತು. ಬಸ್ಸಿನಲ್ಲಿ ಅವಳ ಪಕ್ಕ ಕೂತು ನಾನು ಒಂದೇ ಮಾತು ಅಂದುಕೊಂಡೆ, ದೊಡ್ಡವ್ವ, ಗೌರತ್ತೆ, ಇವರಿಬ್ಬರನ್ನು ನಾನು ಬಿಡುವುದಿಲ್ಲ.

ಬಿಡುವುದಿಲ್ಲ ಅಂದರೆ ಐದನೆಯ ಕ್ಲಾಸಿನ ಹುಡುಗಿ ಏನು ಮಾಡಿಯಾಳು? ದೊಡ್ಡವ್ವನ ಎಲೆಅಡಿಕೆ ಚೀಲದಲ್ಲಿ ಮೆಣಸಿನಪುಡಿ ಹಾಕಿದೆ, ಒದೆ ತಿಂದೆ. ಗೌರತ್ತೆಯ ಬಾಚಣಿಗೆಯನ್ನು ಬಾವಿಗೆ ಎಸೆದೆ, ಅವಳು ಹುಣಸೂರಿನಿಂದ ಹೊಸದು ತರಿಸಿಕೊಂಡಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಅಜ್ಜಿ ಯಾವಾಗಲೂ ಅನ್ನುತ್ತಿದ್ದಳು. ಆ ಕೋಲು ನನಗೆ ಸಿಕ್ಕಿದ್ದು ಸ್ಕೂಲಿನಲ್ಲಿ. ದಸರಾ ರಜ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ನಮ್ಮನ್ನೆಲ್ಲ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೂ ಒಂದರಿಂದ ಅಂಕಿ ಹೇಳಿಕೊಂಡು ಹೋಗಬೇಕು. ಮೂರರ ಅಪವರ್ತ್ಯ ಬಂದವರು, ಅಂದರೆ ಮೂರರ ಮಗ್ಗಿಯಲ್ಲಿ ಬರುವವರು, ಚಪ್ಪಾಳೆ ತಟ್ಟಬೇಕು. ಆರರ ಅಪವರ್ತ್ಯ ಬಂದವರು ಕೂತುಕೊಳ್ಳಬೇಕು. ಆಟ ಮುಗಿದಾಗ ಮೇಷ್ಟ್ರು ಕೇಳಿದರು, ಚಪ್ಪಾಳೆ ತಟ್ಟದೆ ಕೂತವರು ಯಾರಾದರೂ ಇದ್ದೀರಾ? ಒಬ್ಬರೂ ಇರಲಿಲ್ಲ. ಕೂತವರೆಲ್ಲ ತಟ್ಟಿದವರೇ. ಮೂರು ಆರನ್ನು ಶೇಷವಿಲ್ಲದೆ ಭಾಗಿಸುತ್ತದೆ, ಅದಕ್ಕೆ ಮೂರು ಆರರ ಅಪವರ್ತನ, ಹಾಗಾಗಿ ಆರರ ಮಗ್ಗಿಯಲ್ಲಿ ಇರುವುದೆಲ್ಲ ಮೂರರ ಮಗ್ಗಿಯಲ್ಲೂ ಇರಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದರು. ಅವ್ವ ಮೂರನೆಯವಳು. ಮೂರರ ಮಗ್ಗಿ ಪೂರಾ ಅವ್ವನದು. ಆರರ ಮಗ್ಗಿ ಬ್ಯಾರನ್ನಿನದು. ಹಣೆಬರಹ ಅಂತೆ ಹಣೆಬರಹ!

"ಸಾ, ಆರು ಬಂದು ಮೂರ್ನೇವ್ರ ಮ್ಯಾಲೇ ಬೀಳ್ದಂಗೆ ಮಾಡ್ಬೇಕಂದ್ರೆ ಏನ್ ಮಾಡ್ಬೇಕು?"

"ಮೂರನ್ನ ತೆಗೆದುಬಿಡು. ಆರನ್ನ ಪೂರಾ ಭಾಗಿಸದೆ ಇರೋ ಸಂಖ್ಯೆ ಇಟ್ಟು ನೋಡು. ನಾಲ್ಕು ಇಡು, ಐದು ಇಡು. ಏನಾಗ್ತದೆ ನೀನೇ ನೋಡ್ಕೊಂಡು ಬಾ."

ಮನೆಗೆ ಬಂದು ಅಟ್ಟ ಹತ್ತಿದೆ. ಹುಣಸೆಬೀಜವನ್ನು ಸಾಲಾಗಿ ಜೋಡಿಸಿ, ಪ್ರತಿ ಆರನೆಯ ಜಾಗದಲ್ಲಿ ಬ್ಯಾರನ್ನು ಅಂತ ಒಂದು ಹೊಂಗೆಬೀಜ ಇಟ್ಟೆ. ಮೊದಲು ಎರಡೆರಡು ದಿನದ ಸರದಿ ಮಾಡಿ ನೋಡಿದೆ, ಒಬ್ಬೊಬ್ಬರು ಎರಡು ದಿನ ಸತತ. ಆಗ ಒಂದು ಸುತ್ತಿಗೆ ಆರು ದಿನವಾಗಿ ಹೊಂಗೆಬೀಜ ಮತ್ತೆ ಅವ್ವನ ಮೇಲೇ ಬಂದು ಕೂತಿತು. ಆಮೇಲೆ ನಾಲ್ಕು ಜನರನ್ನು ಇಟ್ಟೆ. ಆರನೆಯ ದಿನ ಎರಡನೆಯವಳಿಗೆ, ಹನ್ನೆರಡು ನಾಲ್ಕನೆಯವಳಿಗೆ, ಹದಿನೆಂಟು ಮತ್ತೆ ಎರಡನೆಯವಳಿಗೆ, ಇಪ್ಪತ್ತನಾಲ್ಕು ನಾಲ್ಕನೆಯವಳಿಗೆ. ಅಟ್ಟದ ಉದ್ದಕ್ಕೂ ಬೀಜ ಜೋಡಿಸಿದರೂ ಅಷ್ಟೆ. ನಾಲ್ಕಕ್ಕೂ ಆರಕ್ಕೂ ಎರಡು ಅನ್ನುವ ಅಪವರ್ತನ ಸಾಮಾನ್ಯ, ಆ ಎರಡು ಬ್ಯಾರನ್ನನ್ನು ಎರಡನೆಯವಳ, ನಾಲ್ಕನೆಯವಳ ಸರದಿಗೇ ಕಳಿಸುತ್ತದೆ. ಒಂದನೆಯವಳಿಗೂ ಮೂರನೆಯವಳಿಗೂ ಅದು ಯಾವತ್ತೂ ಬರುವುದಿಲ್ಲ. ಕೊನೆಗೆ ಐದು ಇಟ್ಟೆ. ಐದಕ್ಕೂ ಆರಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಮೊದಲು ಒಂದನೆಯವಳಿಗೆ, ಆಮೇಲೆ ಎರಡನೆಯವಳಿಗೆ, ಹೀಗೆ ಮೂವತ್ತು ದಿನದಲ್ಲಿ ಐದೂ ಜನರಿಗೆ ಒಂದೊಂದು ಸಲ ಬಂದು ಸುತ್ತು ಮುಗಿಯಿತು. ಐದನೆಯವಳಾಗಿ ನಾನೇ ಇದ್ದೆ, ನನ್ನ ವಯಸ್ಸಿನ ಹುಡುಗಿಯರು ಒಲೆ ಹಚ್ಚುವುದು ನಮ್ಮೂರಿನಲ್ಲಿ ಹೊಸದೇನಲ್ಲ. ಐದು ನ್ಯಾಯ ಅಂತ ನನಗೆ ಆಗಲೇ ಗೊತ್ತಾಯಿತು. ನನಗೆ ನ್ಯಾಯ ಬೇಕಿರಲಿಲ್ಲ, ಅವರಿಬ್ಬರು ಬೇಕಿದ್ದರು. ಬೀಜಗಳನ್ನು ಬಾಚಿ ಲಂಗದಲ್ಲಿ ತುಂಬಿಕೊಂಡು ಕೆಳಗಿಳಿದೆ.

ಮೆಟ್ಟಿಲು ಇಳಿಯುವಾಗಲೇ ಇನ್ನೊಂದು ಹೊಳೆಯಿತು. ಕೆಲವು ಸಲ ಮಳೆ ಹಿಡಿದು ಸೊಪ್ಪು ಮುರಿಯುವುದು ಒಂದು ದಿನ ಮುಂದಕ್ಕೆ ಹೋಗುತ್ತಿತ್ತು. ಹಾಗಾದರೆ ಬ್ಯಾರನ್ನು ಅವ್ವನ ದಿನ ದಾಟಿ ಮಾರನೆಯ ದಿನಕ್ಕೆ, ಅಂದರೆ ದೊಡ್ಡವ್ವನ ಸರದಿಗೆ ಬೀಳಬೇಕು. ಒಂದು ಸಲವೂ ಬಿದ್ದಿರಲಿಲ್ಲ. ಯಾಕೆಂದರೆ ಮಳೆ ಬಂದ ದಿನ ದೊಡ್ಡವ್ವ ಒಂದು ಮಾತು ಅನ್ನುತ್ತಿದ್ದಳು, ಮಳೆ ದಿನ ಲೆಕ್ಕಕ್ಕಿಲ್ಲ, ಬ್ಯಾರನ್ ನಿಂತ್ರೆ ಸರದೀನೂ ನಿಂತಂಗೆ. ಅವ್ವ ಮಾರನೆಯ ದಿನವೂ ತಾನೇ ಒಲೆ ಹಚ್ಚುತ್ತಿದ್ದಳು. ಲೆಕ್ಕ ಗೊತ್ತಿಲ್ಲದವಳು ಅಂಥ ಮಾತು ಹುಟ್ಟಿಸುವುದಿಲ್ಲ. ಅಲ್ಲಿಯ ತನಕ ಅವಳು ಕಲ್ಲು ಮನಸ್ಸಿನವಳು ಅಂತ ಸಿಟ್ಟಿತ್ತು. ಆ ದಿನದಿಂದ ಹಗೆ ಶುರುವಾಯಿತು.

ಮುಂದಿನ ವರ್ಷ ಬ್ಯಾರನ್ನಿಗೆ ಸುಣ್ಣ ಬಳಿಯುವ ಹೊತ್ತಿಗೆ ನಾನು ದೊಡ್ಡವ್ವನ ಕಾಲು ಒತ್ತುವವಳಾಗಿದ್ದೆ. ಎಲ್ಲರಿಗೂ ಆಶ್ಚರ್ಯ, ಈ ಹುಡುಗಿ ಸುಧಾರಿಸಿತಲ್ಲ ಅಂತ.

"ದೊಡ್ಡವ್ವ, ಮೂರ್ ದಿನಕ್ಕೊಂದ್ ಸಲ ಒಲೆ ಮುಂದೆ ಕೂತು ನಿನ್ ಕಾಲು ಬಾತೋಯ್ತವೆ. ಗೌರತ್ತೇನೂ ಸೇರುಸ್ಕಂಡ್ರೆ ನಾಕ್ ದಿನಕ್ಕೊಂದ್ ಸಲ ತಾನೆ ನಿಂಗ್ ಬರೋದು?"

"ಅವ್ಳು ಒಪ್ಪಬೇಕಲ್ಲಮ್ಮಿ."

"ತುಂಬೋ ದಿನ ಎಂಗಿದ್ರೂ ಅವ್ವಂಗೇ ಬರೋದು. ಮಿಕ್ಕಿದ್ ದಿನ ಮನೇವ್ರಿಗೆ ಬೇಯ್ಸೋದು ಎಷ್ಟೊತ್ತಿನ್ ಕೆಲ್ಸ?"

ದೊಡ್ಡವ್ವ ಯೋಚನೆ ಮಾಡಿದಳು. ತನಗೆ ಒಂದು ದಿನ ಹಗುರಾಗುತ್ತದೆ ಅನ್ನುವುದಷ್ಟೇ ಅವಳಿಗೆ ಕಂಡಿತು. ಗೌರತ್ತೆಯನ್ನು ಕೂರಿಸಿಕೊಂಡು ಅವಳೇ ಬೆಣ್ಣೆ ಹಚ್ಚಿ ಒಪ್ಪಿಸಿದಳು. ಅರ್ಧ ಕೆಲಸ ಆಯಿತು. ಹಿರಿತನದ ಪ್ರಕಾರ ಹೋದರೆ ದೊಡ್ಡವ್ವ ಒಂದನೆಯವಳಾಗಿ ತಪ್ಪಿಸಿಕೊಂಡು, ಯಾವ ತಪ್ಪೂ ಮಾಡದ ನಡುವ್ವ ಸಿಕ್ಕಿಬೀಳುತ್ತಿದ್ದಳು. ದೊಡ್ಡವ್ವನನ್ನು ಎರಡಕ್ಕೆ ತಳ್ಳಬೇಕಾದರೆ ಅವ್ವನನ್ನು ಒಂದಕ್ಕೆ ಎಳೆಯಬೇಕು. ಮೊದಲ ಬ್ಯಾರನ್ನು ತುಂಬಿ, ಪೂಜೆ ಮುಗಿದು, ಆಳುಗಳೆಲ್ಲ ಉಂಡು ಹೋದ ಮೇಲೆ ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಅಜ್ಜಿ, ನಾಳೆ ದೊಡ್ಡಸೊಸೆಯಿಂದ ಶುರು ಅಂದಳು. ನಾನು ಬಾಯಿ ಹಾಕಿದೆ.

"ಅಜ್ಜಿ, ದೊಡ್ಡವ್ವಂಗೆ ಕಾಲ್ನೋವು. ಅವ್ವ ಎಂಗೂ ಪಾತ್ರೆ ಪಡಗ ಎಲ್ಲ ಇಳ್ಸವ್ಳೆ, ನಾಳೆ ಅವ್ವನಿಂದ್ಲೇ ಶುರುವಾಗ್ಲಿ. ಆಮ್ಯಾಕೆ ದೊಡ್ಡವ್ವ, ನಡುವ್ವ, ಗೌರತ್ತೆ."

ಇಡೀ ದಿನ ಆಳುಗಳಿಗೆ ಬೇಯಿಸಿ ಕೈ ಸೋತ ಹೆಂಗಸಿಗೆ ಮಾರನೆಯ ದಿನವೂ ಒಲೆ! ಅವ್ವ ನನ್ನ ತೊಡೆ ಹಿಡಿದು ಜಿಗುಟಿದಳು. ದೊಡ್ಡವ್ವನ ಮುಖ ಅರಳಿತು, ಕೂಸು ಏಳೋದು ಸರಿ ಅತ್ಯಮ್ಮ ಅಂದಳು. ಅಜ್ಜಿ ಆಗಲಿ ಅಂದಳು. ನನ್ನ ತೊಡೆ ಒಂದು ವಾರ ನೋಯುತ್ತಿತ್ತು.

ಆರನೆಯ ದಿನದ ಬೆಳಿಗ್ಗೆ ನಾನು ಬೇಕೆಂದೇ ಬೇಗ ಎದ್ದು ಅಡುಗೆಮನೆಯ ಹೊಸಲಿನ ಮೇಲೆ ಕೂತೆ. ದೊಡ್ಡವ್ವ ಬಂದು ಒಲೆ ಹಚ್ಚಿದಳು. ಹಿತ್ತಿಲಿನಲ್ಲಿ ಆಳುಗಳ ಗದ್ದಲ ಕೇಳಿ ಕೈ ನಿಲ್ಲಿಸಿದಳು. ಬೆರಳು ಮಡಿಸಿ ಎಣಿಸಿದಳು, ಮತ್ತೆ ಎಣಿಸಿದಳು, ನಡುಮನೆಗೆ ಹೋಗಿ ಇವತ್ತು ಯಾರದು ಅಂತ ಕೇಳಿದಳು. ನಿನ್ನದೇ ಕಣಮ್ಮ ಅಂತ ಅಜ್ಜಿ ರಾಗ ಎಳೆದಳು. ಮಧ್ಯಾಹ್ನ ಅವಳು ಹಿಟ್ಟು ತಿರುವುವಾಗ ತಪ್ಪಲೆ ಹಿಡಿಯುವುದಕ್ಕೆ ಯಾರೂ ಇರಲಿಲ್ಲ. ಎಲ್ಲರಿಗೂ ಅದು ಒಬ್ಬಳೇ ಮಾಡುವ ಕೆಲಸ ಅಂತ ಅಭ್ಯಾಸವಾಗಿಹೋಗಿತ್ತು. ಮೊದಲ ಸಲ ಹಿಟ್ಟು ಗಂಟಾಯಿತು, ಎರಡನೆಯ ತಪ್ಪಲೆ ತಳ ಹಿಡಿಯಿತು. ನಾನು ಆಳುಗಳ ಸಾಲಿನಲ್ಲೇ ಕೂತು ಇನ್ನೊಂದು ಇಟ್ಟು ಇಕ್ಕು ದೊಡ್ಡವ್ವ ಅಂತ ಕೇಳಿ ಹಾಕಿಸಿಕೊಂಡೆ. ನುಂಗಲು ಆಗುತ್ತಿರಲಿಲ್ಲ, ಆದರೂ ನುಂಗಿದೆ. ಪಕ್ಕದಲ್ಲಿ ಕೂತಿದ್ದವರಿಗೂ, ನಾಚ್ಕಬ್ಯಾಡಿ, ಇನ್ನೊಂದು ಇಕ್ಕುಸ್ಕಳಿ, ಬೇಕಾದಷ್ಟದೆ ಅಂತ ಉಪಚಾರ ಮಾಡಿದೆ.

ಹನ್ನೆರಡನೆಯ ದಿನ ಗೌರತ್ತೆಗೆ. ಅವಳು ಮಧ್ಯಾಹ್ನದ ಹೊತ್ತಿಗೆ ಕೋಲು ಬಿಸಾಕಿ, ಈ ಚಾಕರಿಗಿಂತ ಗಂಡನ ಮನೆಯೇ ವಾಸಿ, ನಾನು ಬೇಗೂರಿಗೇ ಓಯ್ತೀನಿ ಅಂತ ಕೂಗಾಡಿದಳು. ಅಜ್ಜಿ ತಲೆ ಎತ್ತದೆ, ಓಗವ್ವ, ನಾಳೆ ಬೆಳಿಗ್ಗೆ ಬಸ್ಸದೆ, ಇವತ್ತಿನ್ ಇಟ್ಟು ಮುಗ್ಸ್ಬುಟ್ಟು ಓಗು ಅಂದಳು. ಹೋಗಲಿಲ್ಲ. ಒಮ್ಮೆ ದೊಡ್ಡವ್ವನ ಸರದಿಯಲ್ಲಿ ಮಳೆ ಹಿಡಿಯಿತು. ಬ್ಯಾರನ್ನು ನಾಳೆಗೆ ಹೋಯಿತು, ನಾಳೆ ನಡುವ್ವಂದು ಅಂತ ಅವಳು ಸೆರಗು ಕೊಡವಿ ಎದ್ದಳು. ಮಳೆ ದಿನ ಲೆಕ್ಕಕ್ಕಿಲ್ಲ ಅಂದೋಳು ನೀನೇ ಅಲ್ವ ಅಂತ ನಡುವ್ವನೇ ಅಂದಳು, ನಾನು ಬಾಯಿ ತೆರೆಯಬೇಕಾಗಲೇ ಇಲ್ಲ. ಅವ್ವ ತುಂಬುವ ದಿನಗಳಲ್ಲಿ ಚಪ್ಪರದಡಿ ಬೇರೆ ಹೆಂಗಸರ ಜೊತೆ ಕೂತು ಸೊಪ್ಪು ಕಟ್ಟುತ್ತಿದ್ದಳು. ಅದೂ ಕೆಲಸವೇ, ಕೈಯೆಲ್ಲ ಜಿಗುಟು ಮೇಣ. ಆದರೆ ಅಲ್ಲಿ ಗಾಳಿ ಇತ್ತು, ಮಾತು ಇತ್ತು. ಅವ್ವ ಅಷ್ಟು ಜೋರಾಗಿ ನಗುತ್ತಾಳೆ ಅಂತ ನನಗೆ ಗೊತ್ತಾದದ್ದು ಆ ವರ್ಷ.

ಹೀಗೆ ಮೂರು ವರ್ಷ ನಡೆಯಿತು. ಪ್ರತಿ ವರ್ಷ ಕಾಲ ಶುರುವಾಗುವಾಗ ದೊಡ್ಡವ್ವ ಹಳೆಯ ಸರದಿಯೇ ಬರಲಿ ಅಂತ ರಾಗ ತೆಗೆಯುವಳು, ಅಜ್ಜಿ, ಈ ಸರದಿ ಬಂದ ಮೇಲೆ ಸೊಪ್ಪಿಗೆ ಒಳ್ಳೆ ಬಣ್ಣ ಬಂದದೆ ಅಂತ ಬಾಯಿ ಮುಚ್ಚಿಸುವಳು. ನಾಲ್ಕನೆಯ ವರ್ಷ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದ ಒಂದು ದಿನ ಹಿತ್ತಿಲಿನ ಕಲ್ಲಿನ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದೆ. ದೊಡ್ಡವ್ವ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಅವಳ ಬಲಗೈ ಮಣಿಕಟ್ಟು ಊದಿಕೊಂಡು ಎಕ್ಕದ ಎಲೆ ಕಟ್ಟಿಕೊಂಡಿದ್ದಳು.

"ಅಮ್ಮಿ, ಈ ಸಲ ನೀನೂ ಒಂದ್ ಸರದಿ ತಕ. ದೊಡ್ಡೋಳಾಗಿದ್ದೀಯ. ಐದ್ ಜನ ಆಯ್ತೀವಿ."

"ನಾನು ಅವ್ವನ್ ದಿನ ಅವ್ವನ್ ಜೊತೇಲೇ ಮಾಡ್ತೀನಿ. ನಂಗ್ ಬ್ಯಾರೆ ಸರದಿ ಬ್ಯಾಡ."

"ಐದಾದ್ರೆ ಎಲ್ರಿಗೂ ತಿರುಗ್ತದೆ ಕಣಮ್ಮಿ. ಬೆರಳ್ ಮಡ್ಚಿ ಮಡ್ಚಿ ನೋಡಿವ್ನಿ. ನಿಮ್ಮವ್ವಂಗೂ ಒಂದ್ ಸಲ, ನಂಗೂ ಒಂದೇ ಸಲ. ಯಾರಿಗೂ ಅನ್ಯಾಯ ಇಲ್ಲ."

ನನ್ನ ಕೈ ನಿಂತಿತು. ಸ್ಕೂಲಿನ ಮೆಟ್ಟಿಲು ಹತ್ತದ ಹೆಂಗಸು ಅಟ್ಟದ ಮೇಲೆ ನಾನು ಬೀಜ ಜೋಡಿಸಿ ಕಂಡುಕೊಂಡದ್ದನ್ನು ಬೆರಳಿನಲ್ಲೇ ಕಂಡುಕೊಂಡಿದ್ದಳು.

"ಮೂರ್ ಜನ ಇದ್ದಾಗಿನ್ ಲೆಕ್ಕಾನೂ ನಿಂಗ್ ಗೊತ್ತಿತ್ತ ದೊಡ್ಡವ್ವ?"

ಅವಳು ಎಕ್ಕದ ಎಲೆ ಸರಿಮಾಡಿಕೊಂಡಳು.

"ಗೊತ್ತಿತ್ತು. ಸುಳ್ ಯಾಕ್ ಏಳ್ಲಿ? ಮೂರ್ ಜನದಾಗೆ ಒಬ್ಳ ಮ್ಯಾಲೆ ಬೀಳ್ಳೇಬೇಕಿತ್ತು. ನನ್ ಮ್ಯಾಲೆ ಯಾಕ್ ಬೀಳ್ಬೇಕು ಅಂದ್ಕಂಡೆ. ನಾಕ್ರ ಲೆಕ್ಕ ನೋಡ್ನಿಲ್ಲ, ಅದೇ ನಾನ್ ಕೆಟ್ಟಿದ್ದು."

"ನಮ್ ತಾತ ಸಾಯೋ ದಿನಾನೂ ಗೊತ್ತಿತ್ತ?"

ದೊಡ್ಡವ್ವನ ಕಣ್ಣಲ್ಲಿ ನೀರು ಬಂತು. ಅದು ಕೈ ನೋವಿಗೋ, ಬೇರೆ ಯಾತಕ್ಕೋ, ನಾನು ವಿಚಾರಿಸಲು ಹೋಗಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನಾಕೇ ಇರ್ತದೆ ದೊಡ್ಡವ್ವ ಅಂದೆ, ತಪ್ಪಲೆಗೆ ಬೂದಿ ಹಾಕಿ ತಿಕ್ಕತೊಡಗಿದೆ. ಅವಳು ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಅವಳು ಹೋದ ಮೇಲೆ ಬಚ್ಚಲಿನ ತಟ್ಟಿ ಸರಿಯಿತು. ಒಳಗಿನಿಂದ ಅವ್ವ ಬಂದಳು. ಬಟ್ಟೆ ಒಗೆಯಲು ಕೂತವಳು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ದೊಡ್ಡವರಿಗೆ ಎದುರು ಮಾತಾಡಿದರೆ ಸೌದೆ ಚಕ್ಕೆಯಲ್ಲಿ ಬಾರಿಸುವವಳು ಅವ್ವ. ನಾನು ತಲೆ ತಗ್ಗಿಸಿ, ಬೆನ್ನು ಬಾಗಿಸಿ ಏಟಿಗೆ ಕಾದೆ. ಅವ್ವ ಹಿಂಡಿದ ಸೀರೆಯನ್ನು ತಂತಿಯ ಮೇಲೆ ಹರವಿ, ಸುಕ್ಕು ಬಿಡಿಸಿ, ಎರಡು ಕಡೆ ಸಮ ಮಾಡಿದಳು. ಆಮೇಲೆ ನನ್ನ ಪಕ್ಕ ಬಂದು, ತೊಳೆದಿಟ್ಟ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿ ಸೊಂಟಕ್ಕೆ ಇಟ್ಟುಕೊಂಡಳು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ಎಷ್ಟ್ ವರ್ಸ ಆದ್ರೂ ಐದ್ ಮಾಡ್ಬ್ಯಾಡ ಮಗ."